ಮೂರು ಸಲ ಆಯ್ತು

ನನ್ನ ತಂಗಿ ಹಸ್ನಾಳ ಕಾಯಿಲೆಯನ್ನು ನೋಡಲು ವೇಣೂರಿನಿಂದ ಹುಡುಗನ ಕಡೆಯವರು ಬರುತ್ತಾರೆ ಎಂಬ ಸುದ್ದಿ ಕೇಳಿ ನನಗೆ ಪಿತ್ತ ನೆತ್ತಿಗೇರಿತು. ಫೋನಿನಲ್ಲಿ ನನ್ನ ತಂದೆ, ನಮ್ಮ ಉಪ್ಪ, ಹೇಳಿದ್ದು ಹಾಗಲ್ಲ, ಹಸ್ನಾಳನ್ನು ನೋಡಲು ಎಂದೇ ಹೇಳಿದರು. ಆದರೆ ಅವರು ಕೇಳಿ ಮೆಚ್ಚಿಕೊಂಡದ್ದು ಅವಳ ಕಾಯಿಲೆಯನ್ನು. ನಮಾಝಿನ ಮೊದಲು ಕೈ, ಮುಖ, ಕಾಲು ತೊಳೆಯುವ ವುಝೂ ಇದೆಯಲ್ಲ, ಎಲ್ಲರಿಗೂ ಮೂರು ನಿಮಿಷದ ಕೆಲಸ. "ಹುಡುಗಿ ಅದಕ್ಕೆ ಒಂದು ಗಂಟೆ ಕೂರ್ತಾಳಂತೆ, ಅಷ್ಟು ದೀನಿಯಂತೆ, ಧರ್ಮದಲ್ಲಿ ಅಷ್ಟು ಶ್ರದ್ಧೆಯಂತೆ" ಎಂದು ಹುಡುಗನ ತಾಯಿಯ ಕಿವಿಗೆ ಯಾರೋ ಹಾಕಿದ್ದರು. ಯಾರೋ ಏನು ಬಂತು, ಉಪ್ಪನ ತಂಗಿ ಕಲ್ಲಡ್ಕದ ಮಾಮಿಯೇ ಹಾಕಿದ್ದು. ನಮ್ಮ ಕುಟುಂಬದಲ್ಲಿ ಕಿವಿಗೆ ಹಾಕುವ ಕೆಲಸವನ್ನು ಅವರು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ.

"ಹುಡುಗ ಜಿದ್ದಾದಲ್ಲಿ ಇರುವುದು. ಮೂವತ್ತು ದಿವಸ ರಜೆ. ಅದರಲ್ಲಿ ಹತ್ತು ಹೋಯ್ತು" ಎಂದರು ಉಪ್ಪ. "ಒಪ್ಪಿಗೆಯಾದರೆ ಬರುವ ವಾರವೇ ನಿಕಾಹ್. ನೀನು ಆದಿತ್ಯವಾರ ಬಾ."

"ಮದ್ದು ಶುರುವಾಗಿ ಮೂರು ವಾರ ಆದದ್ದಷ್ಟೆ ಉಪ್ಪ. ಡಾಕ್ಟರ್ ಆರು ತಿಂಗಳು ಹೇಳಿದ್ದಾರೆ."

"ಮದುವೆಯಾದರೆ ಎಲ್ಲ ಸರಿಯಾಗ್ತದೆ" ಎಂದು ಅವರು ಫೋನು ಇಟ್ಟರು.

ಆ ಮಾತು ಕೇಳಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಮದುವೆಯಾದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಮೊದಲ ತಿಂಗಳು ಅತ್ತೆ ನೆರೆಯವರನ್ನು ಕರೆದು ಸೊಸೆಯ ಭಕ್ತಿಯನ್ನು ತೋರಿಸುತ್ತಾರೆ. ಎರಡನೆಯ ತಿಂಗಳು ಅನ್ನ ಸೀಯುತ್ತದೆ, ಟ್ಯಾಂಕಿಯ ನೀರು ಖಾಲಿಯಾಗುತ್ತದೆ, ಫೋನು ಮಾಡಿದ ಗಂಡನಿಗೆ ಹೆಂಡತಿ ನಲ್ಲಿಯ ಹತ್ತಿರ ಇದ್ದಾಳೆ ಎಂಬ ಉತ್ತರ ಸಿಗುತ್ತದೆ. ಆರನೆಯ ತಿಂಗಳು ಹುಚ್ಚಿಯನ್ನು ಕಟ್ಟಿದಿರಿ ಎಂದು ವಾಪಸು ತಂದುಬಿಡುತ್ತಾರೆ. ಆಮೇಲೆ ಅವಳನ್ನು ಯಾವ ಡಾಕ್ಟರರಿಗೆ ತೋರಿಸಿದರೂ ತಡವೇ. ಈ ನಿಕಾಹ್ ನಿಲ್ಲಬೇಕಿತ್ತು, ನಿಲ್ಲಿಸುವವರು ಬೇರೆ ಯಾರೂ ಇರಲಿಲ್ಲ.

ಇದು 2004ರ ಮಾತು. ಮೂಡುಬಿದಿರೆಯಲ್ಲಿ ನನ್ನ ಗಂಡ ಶಾಫಿಯ ಸ್ಟೇಷನರಿ ಅಂಗಡಿ, ಅದರ ಮೇಲೆಯೇ ನಮ್ಮ ಮನೆ. ತವರು ಬಂಟ್ವಾಳದಲ್ಲಿ.

ಕಾಯಿಲೆ ಹಸ್ನಾಳಿಂದ ಶುರುವಾದದ್ದಲ್ಲ. ಅದಕ್ಕೂ ಹದಿಮೂರು ವರ್ಷ ಹಿಂದೆ, ನನಗೆ ಹತ್ತು, ಹಸ್ನಾಳಿಗೆ ಐದು ವರ್ಷವಾಗಿದ್ದಾಗ, ನಮ್ಮ ತಮ್ಮ ನಿಝಾರ್ ನಾಲ್ಕು ತಿಂಗಳ ಮಗು, ವಾಂತಿಭೇದಿಯಾಗಿ ಎರಡೇ ದಿನದಲ್ಲಿ ತೀರಿಹೋದ. ಉಪ್ಪ ಆಗ ದಮ್ಮಾಮಿನಲ್ಲಿದ್ದರು. ಮನೆ ತುಂಬ ಹೆಂಗಸರು. ಉಮ್ಮ ಗೋಡೆಗೆ ಒರಗಿ ಕುಳಿತಿದ್ದರು, ಎದೆಹಾಲು ಇಳಿದು ಬಟ್ಟೆ ಒದ್ದೆಯಾಗಿತ್ತು. ಕಲ್ಲಡ್ಕದ ಮಾಮಿ ಅವರ ಪಕ್ಕದಲ್ಲಿ ಕುಳಿತು ಕೇಳಿದರು: "ಕೈ ಸರಿಯಾಗಿ ತೊಳೆದೇ ಹಾಲು ಕೊಟ್ಟದ್ದಲ್ವಾ ಜುಲೈಕಾ?"

ಅಷ್ಟೇ. ಕೇಳಿ ಎದ್ದು ಹೋಗಿ ಚಾ ಕುಡಿದರು.

ನಲವತ್ತನೆಯ ದಿನ ಕಳೆಯುವುದರೊಳಗೆ ಉಮ್ಮನ ವುಝೂ ಉದ್ದವಾಗತೊಡಗಿತು. ಪ್ರತಿ ಅಂಗವನ್ನೂ ಮೂರು ಸಲ ತೊಳೆಯುವುದು ಕ್ರಮ. ಉಮ್ಮನಿಗೆ ಮೂರು ಆಯಿತೋ ಎರಡೇ ಆಯಿತೋ ಎಂಬ ಸಂಶಯ. ಸಂಶಯ ಬಂದರೆ ಮತ್ತೆ ಮೊದಲಿನಿಂದ. ಒಂದು ದಿನ ನನ್ನನ್ನು ಕರೆದು ಹಿಂದಿನ ಜಗಲಿಯಲ್ಲಿ ನಿಲ್ಲಿಸಿದರು. "ನೋಡ್ತಾ ಇರು ಫಾಹಿಮಾ. ಆದಾಗ ಹೇಳು." ನಾನು ನೋಡಿದೆ. "ಮೂರು ಸಲ ಆಯ್ತು ಉಮ್ಮ" ಎಂದೆ. ಅವರ ಮುಖ ತಿಳಿಯಾಯಿತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಉಮ್ಮನನ್ನು ನಾನೇ ಗುಣ ಮಾಡಿದೆ ಎಂದುಕೊಂಡೆ.

ಅಂದಿನಿಂದ ಅದೇ ನನ್ನ ಕೆಲಸ. ದಿನಕ್ಕೆ ಐದು ಹೊತ್ತು ಸಾಕ್ಷಿ. ಕೈಗೆ ಮೂರು ಸಲ ಆಯ್ತು, ಮುಖಕ್ಕೆ ಮೂರು ಸಲ ಆಯ್ತು, ಬಲಗಾಲಿಗೆ ಮೂರು ಸಲ ಆಯ್ತು. ನಾನು ಆಕಳಿಸಿದರೆ ಉಮ್ಮ "ನೀನು ನೋಡಿದೆಯಾ ನಿಜವಾಗಿ?" ಎಂದು ಮತ್ತೆ ಶುರುಮಾಡುತ್ತಿದ್ದರು. ಶಾಲೆಗೆ ತಡವಾಗಿ ಹೋಗಿ ಬೆಂಚಿನ ಮೇಲೆ ನಿಂತ ದಿನಗಳಿಗೆ ಲೆಕ್ಕವಿಲ್ಲ. ಕಾರಣ ಕೇಳಿದರೆ ಏನು ಹೇಳುವುದು?

ಯಾರೂ ಏನೂ ಮಾಡಲಿಲ್ಲ ಎನ್ನಲಾರೆ. ಮದ್ರಸದ ಅಬೂಬಕ್ಕರ್ ಉಸ್ತಾದ್ ಒಮ್ಮೆ ಮನೆಗೆ ಬಂದಾಗ ಸ್ಪಷ್ಟವಾಗಿ ಹೇಳಿದ್ದರು: "ಇದು ವಸ್‌ವಾಸ್, ಸುಮ್ಮನೆ ಹುಟ್ಟುವ ಸಂಶಯ. ಇದಕ್ಕೆ ಬಗ್ಗಬಾರದು. ಒಮ್ಮೆ ತೊಳೆದು ಎದ್ದುಬಿಡಿ. ಸಂಶಯ ಬಂದರೂ ನಮಾಝ್ ಮಾಡಿ, ದೇವರು ಸ್ವೀಕರಿಸ್ತಾನೆ." ಪುಣ್ಯಾತ್ಮ ಸರಿಯಾಗಿಯೇ ಹೇಳಿದ್ದರು. ಆದರೆ ವಸ್‌ವಾಸ್ ಎಂದರೆ ಸೈತಾನ ಕಿವಿಯಲ್ಲಿ ಪಿಸುಗುಟ್ಟುವುದು ಎಂದು ನಮ್ಮಲ್ಲಿ ಹೇಳುತ್ತಾರೆ. ಉಮ್ಮ ಅಷ್ಟನ್ನು ಮಾತ್ರ ಹಿಡಿದುಕೊಂಡರು. ಸೈತಾನ ನನ್ನ ಹತ್ತಿರವೇ ಯಾಕೆ ಬಂದ, ನಾನು ಅಷ್ಟು ಅಶುದ್ಧಳು ಎಂದು ಇನ್ನಷ್ಟು ತೊಳೆದರು.

ಉಪ್ಪ ಗಲ್ಫ್ ಬಿಟ್ಟು ಬಂದು ಪೇಟೆಯಲ್ಲಿ ಚಪ್ಪಲಿ ಅಂಗಡಿ ಹಾಕಿದ ಮೇಲೆ ಏನಾದರೂ ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಿದರು. ಜಗಲಿಯ ಕೆಳಗೆ ಕೂರಲು ಸಿಮೆಂಟಿನ ಕಟ್ಟೆ ಕಟ್ಟಿಸಿದರು, ಉಮ್ಮನ ಸೊಂಟ ನೋಯಬಾರದೆಂದು. "ಅಬ್ದುಲ್ ಸಮದನ ಮನೆಯವರು ನಲ್ಲಿ ಬಿಟ್ಟು ಏಳುವುದೇ ಇಲ್ಲ, ಅಷ್ಟು ದೀನ್" ಎಂದು ಯಾರಾದರೂ ತಮ್ಮ ಹೆಸರೆತ್ತಿ ಹೇಳಿದರೆ ಗಡ್ಡ ಸವರಿಕೊಳ್ಳುತ್ತಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

2000ದಲ್ಲಿ ನನ್ನ ಮದುವೆಯಾಯಿತು. ಮೂಡುಬಿದಿರೆಗೆ ಹೊರಟ ದಿನ ನಾನು ಅತ್ತದ್ದು ಸುಳ್ಳು ಅಳು. ಒಳಗೆ ಖುಷಿಯೋ ಖುಷಿ, ಇನ್ನು ಜಗಲಿಯಲ್ಲಿ ನಿಲ್ಲಬೇಕಾಗಿಲ್ಲ ಎಂದು. ನನ್ನ ಜಾಗದಲ್ಲಿ ಯಾರು ನಿಲ್ಲುತ್ತಾರೆ ಎಂದು ನಾನು ಯೋಚಿಸಲಿಲ್ಲ. ಹದಿನಾಲ್ಕು ವರ್ಷದ ಹಸ್ನಾ ನಿಂತಳು.

ನಾನು ಒಂಬತ್ತು ವರ್ಷ ನಿಂತರೂ ಬಿಸಿಲಿಗೆ ನಿಂತ ಹಾಗೆ ನಿಂತು, ಏನೂ ಅಂಟಿಸಿಕೊಳ್ಳದೆ ಬಂದವಳು. ಹಸ್ನಾ ಹಾಗಲ್ಲ, ಚಿಕ್ಕಂದಿನಿಂದಲೂ ಒಂದು ಮಾತನ್ನು ಹತ್ತು ಸಲ ತಿರುವಿ ನೋಡುವವಳು. ಒಂದು ವರ್ಷದೊಳಗೆ ಅವಳಿಗೆ ಬೇರೆಯೇ ಹೆದರಿಕೆ ಹಿಡಿಯಿತು. ತಾನು ಮೂರು ಎಂದದ್ದು ಎರಡೇ ಆಗಿದ್ದರೆ? ಸುಳ್ಳು ಸಾಕ್ಷಿ ಹೇಳಿ ಉಮ್ಮನ ನಮಾಝ್ ಕೆಡಿಸಿದರೆ? ಆ ಪಾಪ ಹೋಗಲೆಂದು ತಾನೂ ತೊಳೆಯತೊಡಗಿದಳು. ಅವಳಿಗೂ ಸಾಕ್ಷಿ ಬೇಕಾಯಿತು. ಉಮ್ಮ ತೊಳೆಯುವಾಗ ಮಗಳು ಎಣಿಸುವುದು, ಮಗಳು ತೊಳೆಯುವಾಗ ಉಮ್ಮ ಎಣಿಸುವುದು. ಉಪ್ಪ ಎರಡನೆಯ ನಲ್ಲಿ ಹಾಕಿಸಿದರು. ಸುಳ್ಳಲ್ಲ, ಪ್ಲಂಬರ್ ವೆಂಕಪ್ಪನನ್ನು ಕರೆಸಿ ನಿಜವಾಗಿ ಹಾಕಿಸಿದರು.

ಪಿಯುಸಿ ಪರೀಕ್ಷೆಗೆ ಹಸ್ನಾ ಎರಡು ದಿನ ಹೋಗಲೇ ಇಲ್ಲ. ನೋಡಲು ಬಂದ ನಾನು ಅವಳ ಕಾಲು ನೋಡಿದೆ. ಬೆರಳ ಸಂದುಗಳು ನೀರು ತಿಂದು ಬಿಳಿಯಾಗಿ ಬಿರಿದು ರಕ್ತ ಜಿನುಗುತ್ತಿತ್ತು. ಅವತ್ತೇ ಅವಳನ್ನು ಬಸ್ಸಿಗೆ ಹತ್ತಿಸಿ ಮೂಡುಬಿದಿರೆಗೆ ಕರೆದುಕೊಂಡು ಹೋದೆ.

ಅಲ್ಲಿಗೆ ಶನಿವಾರ ಶನಿವಾರ ಮಂಗಳೂರಿನಿಂದ ಡಾಕ್ಟರ್ ಶಶಿಪ್ರಭಾ ಬರುತ್ತಿದ್ದರು, ಮನಸ್ಸಿನ ಕಾಯಿಲೆಯ ಡಾಕ್ಟರ್. ಹಸ್ನಾಳ ಹತ್ತಿರ ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ನನ್ನನ್ನು ಕೂರಿಸಿ ಮನೆಯ ಸಂಗತಿ ಕೇಳಿದರು. ನಾನು ಕಾಯುತ್ತಿದ್ದದ್ದೇ ಅದಕ್ಕೆ. ಎಲ್ಲ ಹೇಳಿದೆ. ಉಮ್ಮನ ಬಗ್ಗೆ ಹೇಳಿದೆ, ಕಲ್ಲಡ್ಕದ ಮಾಮಿಯ ಮಾತು ಹೇಳಿದೆ, ಬೆಳ್ತಂಗಡಿಯಲ್ಲಿದ್ದ ಉಮ್ಮನ ತಾಯಿ ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಬಸ್ಸಿಳಿದು ವಾಪಸು ಹೋಗುತ್ತಿದ್ದರು ಎಂಬುದನ್ನೂ ಹೇಳಿದೆ. ಹೇಳಿ ಕೇಳಿದೆ: "ಇದಕ್ಕೆ ಯಾರು ಕಾರಣ ಡಾಕ್ಟ್ರೇ?"

ನನಗೆ ಒಬ್ಬರ ಹೆಸರು ಬೇಕಿತ್ತು. ಹೋಗಿ ಅವರ ಮನೆಯ ಅಂಗಳದಲ್ಲಿ ನಿಂತು ಕೂಗಬೇಕಿತ್ತು.

"ಒಬ್ಬರು ಅಂತ ಇಲ್ಲಮ್ಮ" ಎಂದರು ಡಾಕ್ಟರ್. "ಒಲೆ ಉರೀಲಿಕ್ಕೆ ಒಣಗಿದ ಸೌದೆ ಬೇಕು, ಕಡ್ಡಿ ಗೀರಬೇಕು, ಊದುವವರು ಬೇಕು. ನಿಮ್ಮ ಅಜ್ಜಿಯಿಂದ ಬಂದದ್ದು ಸೌದೆ. ಅದು ರಕ್ತದಲ್ಲಿ ಬರ್ತದೆ, ಎಲ್ಲರಿಗೂ ಒಂದೇ ಹಾಗೆ ಬರುವುದಿಲ್ಲ. ಮಗು ತೀರಿದ್ದು, ಆ ಮಾತು ಕೇಳಿದ್ದು, ಅದು ಕಡ್ಡಿ. ಬರೀ ಸೌದೆ ಉರಿಯುವುದಿಲ್ಲ, ಹಸಿ ಮರಕ್ಕೆ ಕಡ್ಡಿ ಗೀರಿದರೂ ಹಿಡಿಯುವುದಿಲ್ಲ."

"ಊದಿದ್ದು ಯಾರು?"

ಅವರು ಪೆನ್ನು ಕೆಳಗಿಟ್ಟರು. "ಹೆದರಿಕೆಯಾದಾಗ ತಾಯಿಗೆ ಯಾರೋ 'ಆಯ್ತು' ಅಂತ ಹೇಳ್ತಿದ್ದರಲ್ಲ. ಹೇಳಿದ ಕೂಡಲೇ ಹೆದರಿಕೆ ಇಳೀತದೆ. ಹಾಗೆ ಹೇಳಿದರೆ ಮಾತ್ರ ಇಳಿಯುವುದು ಅಂತ ಮನಸ್ಸು ಕಲಿತುಬಿಡ್ತದೆ. ನಾಳೆ ಎರಡು ಸಲ ಕೇಳಬೇಕಾಗ್ತದೆ, ನಾಡಿದ್ದು ಹತ್ತು ಸಲ. ಪಕ್ಕದಲ್ಲಿ ನಿಂತ ಮಗುವೂ ಅದನ್ನೇ ಕಲೀತದೆ. ಪ್ರೀತಿಯಿಂದ ಮಾಡಿದ್ದು, ತಪ್ಪು ಅಂತ ನಾನು ಹೇಳುವುದಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಮುಟ್ಟಿಕೊಳ್ಳಲೂ ಇಲ್ಲ, ಎದ್ದು ನಿಂತು ಜಗಳಕ್ಕೇ ಬಿದ್ದೆ. "ಹತ್ತು ವರ್ಷದ ಹುಡುಗಿಗೆ ಏನು ಗೊತ್ತಿತ್ತು? ಹೇಳದಿದ್ದರೆ ಉಮ್ಮ ಅಳ್ತಿದ್ದರು, ನಾನೇನು ಮಾಡಬೇಕಿತ್ತು?" ಡಾಕ್ಟರ್ ಸಿಟ್ಟಾಗಲಿಲ್ಲ, ಅದೂ ನನಗೆ ಸಿಟ್ಟು ತರಿಸಿತು. ಮಾತ್ರೆ ಬರೆದರು. ದಿನದಿನವೂ ಮಾಡಬೇಕಾದ ಅಭ್ಯಾಸ ಹೇಳಿಕೊಟ್ಟರು: ಒಂದೇ ಬಾರಿ ತೊಳೆಯುವುದು, ಯಾರೂ ಉತ್ತರ ಕೊಡದಿರುವುದು, ಹೆದರಿಕೆ ತಾನಾಗಿ ಇಳಿಯುವ ತನಕ ಕಾಯುವುದು. ಹೊರಡುವಾಗ "ತಾಯಿಯನ್ನೂ ಕರ್ಕೊಂಡು ಬನ್ನಿ. ಅವರಿಗೂ ಗುಣ ಆಗ್ತದೆ" ಎಂದರು.

ಆಯಿತು ಎಂದೆ. ಕರೆದುಕೊಂಡು ಬರಲಿಲ್ಲ.

ಮೂರು ವಾರ ಹಸ್ನಾ ನನ್ನ ಮನೆಯಲ್ಲಿ ನರಕ ಅನುಭವಿಸಿದಳು. "ಆಯ್ತಾ ಹೇಳು, ಒಂದೇ ಸಲ ಹೇಳು" ಎಂದು ಕಾಲು ಹಿಡಿದಳು. ನಾನು ಬಾಯಿಗೆ ಸೆರಗು ತುರುಕಿಕೊಂಡು ಅಡುಗೆಮನೆಯಲ್ಲಿ ನಿಂತೆ. ಆದರೆ ಒಂದು ಗಂಟೆ ಇದ್ದದ್ದು ನಲವತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಹನ್ನೆರಡಕ್ಕೆ ಬಂತು. ಕಾಲಿನ ಗಾಯ ಒಣಗಿತು. ಅಂಗಡಿಗೆ ಇಳಿದು ಮಕ್ಕಳಿಗೆ ಪೆನ್ಸಿಲ್ ಕೊಡತೊಡಗಿದಳು. ಅಷ್ಟರಲ್ಲಿ ಉಪ್ಪ ಬಂದು, ಎರಡು ದಿನದ ಮಟ್ಟಿಗೆ ಎಂದು ಕರೆದುಕೊಂಡು ಹೋದರು. ನಾನು ನಂಬಿ ಕಳಿಸಿದೆ. ಆಮೇಲೆ ಬಂದದ್ದೇ ಆ ಫೋನು.

ಆದಿತ್ಯವಾರ ನಾನು ಬಂಟ್ವಾಳ ಮುಟ್ಟುವಾಗ ಮೂರೂವರೆ. ವೇಣೂರಿನವರು ಆಗಲೇ ಬಂದಿದ್ದರು: ಹುಡುಗನ ತಾಯಿ, ಅಕ್ಕ, ಒಬ್ಬರು ದೊಡ್ಡಮ್ಮ. ಗಂಡಸರು ಹೊರಗಿನ ಕೋಣೆಯಲ್ಲಿ. ಹೆಂಗಸರನ್ನು ಮಾಮಿ ಒಳಗಿನ ಚಾವಡಿಯಲ್ಲಿ ಕೂರಿಸಿರಲಿಲ್ಲ, ಹಿಂದಿನ ಜಗಲಿಯಲ್ಲಿ ಕುರ್ಚಿ ಹಾಕಿಸಿ ನಲ್ಲಿಗೆ ಎದುರಾಗಿ ಕೂರಿಸಿದ್ದರು. ಹೆಣ್ಣು ನೋಡಲು ಯಾರಾದರೂ ಆ ಹೊತ್ತಿಗೆ ಬರುತ್ತಾರೆಯೇ? ಅಸರ್ ನಮಾಝಿನ ಹೊತ್ತು. ಆಗ ನನಗೆ ಅರ್ಥವಾಯಿತು. ಮಾಮಿ ಬೇಕೆಂದೇ ಆ ಹೊತ್ತು ಇಟ್ಟಿದ್ದರು.

ಮಸೀದಿಯಲ್ಲಿ ಬಾಂಗ್ ಆಯಿತು. ಹಸ್ನಾ ಹಸಿರು ಸಲ್ವಾರಿನಲ್ಲಿ ಬಂದು ಕಟ್ಟೆಯ ಮೇಲೆ ಕುಳಿತು ತೋಳು ಮಡಚಿದಳು. ಉಮ್ಮ ಪಕ್ಕದಲ್ಲಿ ನಿಂತರು. ನೀರು ಬಿಟ್ಟರು.

ಮೊದಲ ಐದು ನಿಮಿಷ ಹುಡುಗನ ತಾಯಿ ಕಣ್ಣು ಕೀಳಲಿಲ್ಲ. "ಮಾಶಾ ಅಲ್ಲಾಹ್. ಎಂಥ ನಿಧಾನ. ಈಗಿನ ಹುಡುಗಿಯರು ಎರಡು ಚೊಂಬು ಎರಚಿಕೊಂಡು ಓಡುವುದು."

"ತಾಯಿಯ ಶಿಸ್ತು" ಎಂದರು ಮಾಮಿ. "ನಮ್ಮ ಮನೆಯಲ್ಲಿ ಸಣ್ಣದರಿಂದಲೇ ಕಲಿಸುವುದು."

ಹದಿನೈದು ನಿಮಿಷವಾಯಿತು. ಹಸ್ನಾ ಬಲಗಾಲಿನಲ್ಲಿದ್ದಳು. ಒಣಗಿದ್ದ ಬೆರಳ ಸಂದು ಮತ್ತೆ ಬಿರಿದಿತ್ತು. "ಆಯ್ತಾ ಉಮ್ಮ?" ಎಂದಳು. "ಮೂರು ಸಲ ಆಯ್ತು ಮಗ" ಎಂದರು ಉಮ್ಮ. "ಖಂಡಿತವಾ?" "ಖಂಡಿತ." "ನೀವು ಸರಿ ನೋಡಿದ್ರಾ?" ಅಲ್ಲಿಗೆ ಉಮ್ಮನ ಮುಖವೇ ಬಾಡಿತು. ಅವರಿಗೂ ಸಂಶಯ ಬಂದಿತ್ತು. ಹಸ್ನಾ ಮತ್ತೆ ಕೈಯಿಂದ ಶುರುಮಾಡಿದಳು. ಮೂರು ವಾರದ ಅವಳ ಅಳು, ನನ್ನ ಬಾಯಿಗೆ ತುರುಕಿದ ಸೆರಗು, ಎಲ್ಲ ಆ ನೀರಿನಲ್ಲಿ ಹರಿದುಹೋಗುತ್ತಿತ್ತು, ಇವರು ಕುರ್ಚಿ ಹಾಕಿ ನೋಡುತ್ತಿದ್ದರು. ಹಸ್ನಾ ತಲೆಯೆತ್ತಿ ನನ್ನನ್ನು ನೋಡಿದಳು.

ನಾನು ಇಳಿದು ಹೋಗಿ ನಲ್ಲಿ ತಿರುಗಿಸಿ ನಿಲ್ಲಿಸಿದೆ.

"ಇದು ದೀನ್ ಅಲ್ಲ" ಎಂದೆ ವೇಣೂರಿನವರಿಗೆ. ನನ್ನ ಧ್ವನಿ ಹೊರಗಿನ ಕೋಣೆಗೂ ಕೇಳುವಷ್ಟು ದೊಡ್ಡದಿತ್ತು, ಕೇಳಲಿ ಎಂದೇ ಇತ್ತು. "ಇದು ಕಾಯಿಲೆ. ಮೂರು ವಾರದಿಂದ ಮೂಡುಬಿದಿರೆಯಲ್ಲಿ ಮದ್ದು ತೆಗೊಳ್ತಾ ಇದ್ದಾಳೆ. ಗುಣ ಆಗ್ತಾ ಇತ್ತು. ಇನ್ನೂ ಆರು ತಿಂಗಳು ಬೇಕು. ನಿಮಗೆ ಹೇಳದೆ ಮದುವೆ ಮಾಡಲಿಕ್ಕೆ ಹೊರಟಿದ್ದಾರೆ. ಅವಳ ಕಾಲು ನೋಡಿ. ಭಕ್ತಿಗೆ ಹೀಗೆ ರಕ್ತ ಬರ್ತದಾ?"

ಹುಡುಗನ ತಾಯಿ ಹಸ್ನಾಳ ಕಾಲು ನೋಡಿದರು. ಅವರು ಕೆಟ್ಟವರಲ್ಲ. ಎದ್ದು ಅವಳ ತಲೆ ಸವರಿ, "ಮೊದಲು ಗುಣ ಆಗಲಿ ಮಗ" ಎಂದು ಹೇಳಿ ಒಳಗೆ ಹೋದರು. ಐದು ನಿಮಿಷದಲ್ಲಿ ಜೀಪು ಹೊರಟ ಸದ್ದು ಕೇಳಿತು. ಮಾಡಿಟ್ಟ ಶರಬತ್ತು ಮಾಡಿಟ್ಟಲ್ಲೇ ಇತ್ತು.

ಉಪ್ಪ ಹಿಂದಿನ ಜಗಲಿಗೆ ಬಂದು ನನ್ನ ಮೇಲೆ ಕೈ ಎತ್ತಿದರು. ಹೊಡೆಯಲಿಲ್ಲ. "ಮಗಳನ್ನು ಹುಚ್ಚಿ ಅಂತ ಊರಿಗೆಲ್ಲ ಸಾರಿದೆಯಲ್ಲ! ಇನ್ನು ಅವಳನ್ನು ಯಾರು ಕಟ್ಟಿಕೊಳ್ತಾರೆ?"

"ಎರಡನೇ ನಲ್ಲಿ ಹಾಕಿಸಿದ್ರಲ್ಲ, ಮೂರನೇದೂ ಹಾಕಿಸಿ" ಎಂದೆ. "ನನಗೂ ಒಂದು. ಎಲ್ಲರೂ ಸಾಲಾಗಿ ಕೂರುವ."

"ನಾಲಗೆ ನೋಡು ಅವಳದ್ದು!" ಎಂದರು ಮಾಮಿ.

ಅದು ಸಾಕಾಯಿತು. ಹದಿಮೂರು ವರ್ಷದಿಂದ ನುಂಗಿಕೊಂಡದ್ದನ್ನು ಅವರ ಮುಖಕ್ಕೆ ಹೇಳಿದೆ. ನಿಝಾರ್ ತೀರಿದ ದಿನ ನೀವು ಉಮ್ಮನ ಹತ್ತಿರ ಕೂತು ಏನು ಕೇಳಿದಿರಿ, ನೆನಪುಂಟಾ? ಹಾಲು ಬತ್ತದ ತಾಯಿಯ ಹತ್ತಿರ ಕೈ ತೊಳೆದೆಯಾ ಎಂದು ಕೇಳುವ ಬಾಯಿ ಎಂಥ ಬಾಯಿ? ಆ ಒಂದು ಮಾತು ಈ ಮನೆಯನ್ನು ಸುಟ್ಟಿತು.

ಮಾಮಿಯ ಬಾಯಿ ತೆರೆದುಕೊಂಡಿತು. "ನಾನಾ? ನಾನು ಹಾಗೆ ಕೇಳಿದ್ದಾ?"

ಅವರು ನಟಿಸುತ್ತಿರಲಿಲ್ಲ. ಅವರಿಗೆ ನಿಜವಾಗಿ ನೆನಪಿರಲಿಲ್ಲ. ನಾನು ಹದಿಮೂರು ವರ್ಷ ಕಾದಿಟ್ಟ ಮಾತು ಅವರ ತಲೆಯಲ್ಲಿ ಒಂದು ದಿನವೂ ಉಳಿದಿರಲಿಲ್ಲ.

"ಕೇಳಿರಬಹುದು" ಎಂದರು ಕೊನೆಗೆ. "ನನ್ನ ಮೊದಲ ಮಗು ಹೋದಾಗ ನನ್ನ ಅತ್ತೆಯೂ ಅದನ್ನೇ ಕೇಳಿದ್ದು. ಎಲ್ಲರೂ ಕೇಳುವುದೇ. ನಾನು ಹಾಗಂತ ತೊಳೀತಾ ಕೂತೆನಾ?"

ನನಗೆ ಅವರ ಜುಟ್ಟು ಹಿಡಿದು ಎಳೆಯಬೇಕು ಎನ್ನಿಸಿತು. ಆದರೆ ಅವರು ಹೇಳಿದ್ದು ಸುಳ್ಳಲ್ಲ. ಅದೇ ಮಾತು ಅವರಿಗೂ ಬಿದ್ದಿತ್ತು, ಅವರು ಎದ್ದು ಅಡುಗೆ ಮಾಡಿದ್ದರು. ನನ್ನ ಉಮ್ಮನಿಗೆ ಆಗಲಿಲ್ಲ. ನಾನು ಒಂಬತ್ತು ವರ್ಷ ಜಗಲಿಯಲ್ಲಿ ನಿಂತು ಬಂದೆ, ಹಸ್ನಾಳಿಗೆ ಆಗಲಿಲ್ಲ. ಇದಕ್ಕೆ ಯಾರನ್ನು ಹಿಡಿದು ಹೊಡೆಯುವುದು? ಕೈ ಜುಮ್ಮೆನ್ನುತ್ತಿತ್ತು, ಹೊಡೆಯಲು ಒಬ್ಬರೂ ಸರಿಯಾಗಿ ಸಿಗಲಿಲ್ಲ.

ಉಮ್ಮ ಹಸ್ನಾಳ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತಿದ್ದರು, ಮಗಳ ಒದ್ದೆ ಕಾಲನ್ನು ಮಡಿಲಲ್ಲಿಟ್ಟುಕೊಂಡು ತಲೆಗೆ ಹೊದ್ದ ತಟ್ಟದ ತುದಿಯಿಂದ ಒರಸುತ್ತಿದ್ದರು. ನಾನು ಅವರ ಕಡೆಗೂ ತಿರುಗಿದೆ. ನೀವಾದರೂ ತಡೆಯಬೇಡವಾ, ನಿಮ್ಮದನ್ನೆಲ್ಲ ಅವಳ ತಲೆಗೆ ತುಂಬಿಸಿ ಈಗ ಕಾಲು ಒರಸ್ತೀರಾ ಎಂದು ಕೇಳಬೇಕೆಂದು ಬಾಯಿ ತೆರೆದಿದ್ದೆ.

"ಫಾಹಿಮಾ" ಎಂದರು ಉಮ್ಮ. "ಇದು ಕಾಯಿಲೆ ಅಂತ ಹೇಳಿದೆಯಲ್ಲ, ನಿಜವಾ?"

"ನಿಜ."

"ಮಾತ್ರೆ ಉಂಟಾ ಇದಕ್ಕೆ?"

"ಉಂಟು ಉಮ್ಮ" ಎಂದಳು ಹಸ್ನಾ. "ನನಗೆ ಹನ್ನೆರಡು ನಿಮಿಷಕ್ಕೆ ಬಂದಿತ್ತು."

ಉಮ್ಮ ಒರಸುವುದನ್ನು ನಿಲ್ಲಿಸಿದರು. "ನಾನು ಪಾಪ ಅಂತ ಗ್ರಹಿಸಿದ್ದೆ" ಎಂದರು. "ನನ್ನದು ಪಾಪ, ಅದಕ್ಕೇ ಮಗು ಹೋದದ್ದು, ಅದಕ್ಕೇ ಹೋಗುವುದಿಲ್ಲ ಇದು, ಅಂತ." ಆಮೇಲೆ ನನ್ನ ಕಡೆ ನೋಡಿ, "ಹಾಗಾದರೆ ನನ್ನನ್ನು ಯಾಕೆ ಕರ್ಕೊಂಡು ಹೋಗಲಿಲ್ಲ ನೀನು?"

ಡಾಕ್ಟರ್ ಹೇಳಿದ್ದರು. ನಾನು ಆಯಿತು ಎಂದಿದ್ದೆ. ಕಾಯಿಲೆ ಕೊಟ್ಟವಳನ್ನು ಯಾಕೆ ಕರೆದುಕೊಂಡು ಹೋಗಬೇಕು, ಅನುಭವಿಸಲಿ ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಈ ಮಾತನ್ನು ಅವರಿಗೆ ಹೇಳುವ ಧೈರ್ಯ ನನಗೆ ಆ ದಿನವೂ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ.

"ಶನಿವಾರ ಹೋಗುವ ಉಮ್ಮ" ಎಂದೆ. "ಡಾಕ್ಟರ್ ಬರುವುದು ಶನಿವಾರ."

ಉಮ್ಮ ಬೆರಳು ಮಡಚಿ ಎಣಿಸಿದರು, ಇನ್ನೊಮ್ಮೆ ಎಣಿಸಿದರು.

"ಇನ್ನೂ ಆರು ದಿವಸ ಉಂಟಾ?" ಎಂದು ಕೇಳಿದರು.